ಪರದೆಯ ಹಿಂದಿನ ಕೆಲಸಗಾರರು



ಒಂಬತ್ತನೇ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇವತ್ತು ಹೇಳಿಕೊಳ್ಳುತ್ತೇನೆ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಲಿನಕ್ಸ್ ಇತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ ಪರದೆಯ ಮೇಲೊಂದು, ಕೆಳಗೊಂದು ಪಟ್ಟಿ ಇರುತ್ತಿದ್ದವು. ಕುತೂಹಲಕ್ಕೆ ಕೆಳಗಿನ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಏನೋ ಆರಿಸಿದೆ. ಪಟ್ಟಿಯೇ ಮಾಯವಾಯಿತು! ಕಂಪ್ಯೂಟರ್ ಕೆಟ್ಟಿತು, ಅಪ್ಪ ದುಡ್ಡು ಎಲ್ಲಿಂದ ತರಬೇಕು ಎಂದು ಹೆದರಿ, ಹೊಟ್ಟೆನೋವೆಂದು ಎರಡು ದಿನ ಶಾಲೆಗೇ ಬರಲಿಲ್ಲ.

ಮೂರನೇ ದಿನ ಅಳುತ್ತ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು, “ಕಂಪ್ಯೂಟರ್ ಕೆಟ್ಟಿಲ್ಲ ಕಣೋ, ಪಟ್ಟಿ ಮಾತ್ರ ಹೋಗಿದೆ” ಎಂದರು. ಮೇಲಿನ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ಹೊಸ ಪಟ್ಟಿ ತರಿಸಿದರು. ಅದರಲ್ಲಿ ಏನೇನು ಇರಬೇಕೋ ಅದನ್ನು ನನ್ನ ಕೈಯಲ್ಲೇ ಹಾಕಿಸಿದರು.

ಆ ಮಾತಿನ ಅರ್ಥ ಬಿ.ಇ. ಓದುವಾಗ ತಿಳಿಯಿತು. ಡೆಸ್ಕ್‌ಟಾಪ್ ಒಂದೇ ವಸ್ತುವಲ್ಲ. ನಮ್ಮ ಶಾಲಾ ವಾರ್ಷಿಕೋತ್ಸವದ ನಾಟಕವನ್ನೇ ನೆನೆಯಿರಿ. ವೇದಿಕೆ, ದೀಪ ನೋಡಿಕೊಳ್ಳುವವರು ಬೇರೆ, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವರು ಬೇರೆ, ಪಾತ್ರಧಾರಿಗಳೇ ಬೇರೆ. ಅಂದಿನ ಗ್ನೋಮ್‌ನಲ್ಲಿಯೂ ಪರದೆ, ಕೀಲಿಮಣೆ, ಮೌಸ್‌ಗಳನ್ನು ನೋಡಿಕೊಳ್ಳುತ್ತಿದ್ದುದು ಎಕ್ಸ್ ಸರ್ವರ್; ಅದು 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ವ್ಯವಸ್ಥೆ. ಕಿಟಕಿಗಳಿಗೆ ಚೌಕಟ್ಟು ಹಾಕಿ, ಸರಿಸಿ, ಹಿಂದೆ ಮುಂದೆ ಮಾಡುತ್ತಿದ್ದುದು ವಿಂಡೋ ಮ್ಯಾನೇಜರ್. ಪಟ್ಟಿಯನ್ನು ತೋರಿಸುತ್ತಿದ್ದುದು ಪ್ಯಾನೆಲ್ ಎಂಬ ಇನ್ನೊಂದು ಪ್ರೋಗ್ರಾಂ. ವಿಂಡೋ ಮ್ಯಾನೇಜರ್ ನಿಂತುಹೋದರೆ ಚೌಕಟ್ಟು ಮಾಯವಾಗಬಹುದಿತ್ತು. ಆದರೆ ನೀವು ಬರೆಯುತ್ತಿದ್ದ ಪತ್ರ ಒಳಗೆ ಹಾಗೇ ಇರುತ್ತಿತ್ತು. ವಿಂಡೋ ಮ್ಯಾನೇಜರನ್ನು ಮತ್ತೆ ಶುರುಮಾಡಿದರೆ ಚೌಕಟ್ಟೂ ಬರುತ್ತಿತ್ತು.

1997ರಲ್ಲಿ ಆರಂಭವಾದ ಗ್ನೋಮ್ ಅನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ಮೆನುಗಳನ್ನು ಕನ್ನಡಕ್ಕೆ ತಂದವರೂ ಇದ್ದಾರೆ.

ಅಂದು ಮೇಷ್ಟ್ರು ಬೈದಿದ್ದರೆ ನಾನು ಮತ್ತೆ ಆ ಕೊಠಡಿಗೆ ಕಾಲಿಡುತ್ತಿರಲಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಗೆ ಕಂಪ್ಯೂಟರ್ ಕೊಡೋಣ. ಆದರೆ ಅದಕ್ಕೆ ಬಟ್ಟೆ ಹೊದಿಸಿ ಬೀಗ ಹಾಕುವುದು ಬೇಡ. ಮಕ್ಕಳು ಮುಟ್ಟಲಿ, ತಪ್ಪು ಮಾಡಲಿ. ಮಕ್ಕಳೇ, ಪರದೆಯಿಂದ ಏನಾದರೂ ಮಾಯವಾದರೆ ಮನೆಯಲ್ಲಿ ಅಡಗಿಕೊಳ್ಳಬೇಡಿ. ಹೋದದ್ದು ಯಾವ ಭಾಗ ಎಂದು ಕೇಳಿ.

ನನಗೆ ಕೇಳುವ ಧೈರ್ಯ ಕೊಟ್ಟ ಈ ಶಾಲೆಗೆ ಶಿರಬಾಗಿ ವಂದಿಸುತ್ತೇನೆ.