ಕಡಾಣಿ ನೋಡಿ ಗಾಡಿ ಹೂಡಿರಿ

(ಬ್ಲಾಕಿನ ಕೃಷಿಯಂತ್ರ ರಕ್ಷಣಾ ಶಿಬಿರದಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಮಾಡಿದ ಭಾಷಣ)



ಓಟದ ಕಾರುಗಳನ್ನು ರಿಪೇರಿ ಮಾಡುತ್ತಿದ್ದವನಿಗೆ ರೈತರ ಮುಂದೆ ಏನು ಕೆಲಸ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಇಂದು ನಿಮ್ಮ ಊರುಗಳಲ್ಲಿ ಟ್ರಾಕ್ಟರು, ಟಿಲ್ಲರು, ಒಕ್ಕಣೆ ಯಂತ್ರಗಳು ಬಂದಿವೆ. ಯಂತ್ರ ಓಟದ್ದಾಗಲಿ, ಉಳುಮೆಯದ್ದಾಗಲಿ, ಅದರ ಮೇಲೆ ಕುಳಿತವನ ಪ್ರಾಣ ಒಂದು ಸಣ್ಣ ನಟ್ಟಿನಲ್ಲಿರುತ್ತದೆ. ಆ ನಟ್ಟನ್ನು ಯಂತ್ರ ಹೊರಡುವ ಮೊದಲೇ ನೋಡಬೇಕು. ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಸಂತೆಗೆ ಗಾಡಿ ಹೂಡುವ ಮೊದಲು ಅವರು ಗಾಡಿಯನ್ನು ಒಂದು ಸುತ್ತು ಬರುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿ ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಬೆರಳುದ್ದದ ಕಡಾಣಿ ಬಿದ್ದರೆ ಗಾಡಿಯ ಚಕ್ರವೇ ಕಳಚಿ ಹೋಗುತ್ತದೆ. ಗಾಡಿ ಹೋಗಿ ಟ್ರಾಕ್ಟರು ಬಂದಿತು. ಕಡಾಣಿ ಮುಟ್ಟಿ ನೋಡುವ ಅಭ್ಯಾಸ ಮಾತ್ರ ಗಾಡಿಯೊಂದಿಗೇ ಹೋಯಿತು.

ನಾನು 1974ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಷೆಡ್ಡಿಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಕಾರುಗಳನ್ನು ಸಿದ್ಧಪಡಿಸಿ ಮದರಾಸಿನ ಉತ್ತರಕ್ಕಿರುವ ಷೋಲಾವರಕ್ಕೆ ಪಂದ್ಯಕ್ಕೆ ಒಯ್ಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಇಳಿಯುತ್ತಿದ್ದ ದಾರಿ ಅದು. 1953ರಲ್ಲಿ ಸ್ಥಾಪನೆಯಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಪಂದ್ಯಗಳನ್ನು ನಡೆಸುತ್ತಿದ್ದರು. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಹೊಸ ದಾರಿ ಸಿದ್ಧವಾಯಿತು. ನಾನು ನೋಡಿದ್ದು ಹಳೆಯ ಷೋಲಾವರವನ್ನು. ಅಲ್ಲಿ ಓಡುತ್ತಿದ್ದವುಗಳಲ್ಲಿ ಎಷ್ಟೋ ಕಾರುಗಳು ರಸ್ತೆಯ ಮೇಲೆ ನೀವು ಕಂಡಿದ್ದ ಫಿಯೆಟ್, ಅಂಬಾಸಿಡರ್, ಹೆರಾಲ್ಡ್‌ಗಳೇ. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟು ಮೊದಲಾದವನ್ನು ಕಿತ್ತು, ಎಂಜಿನ್ನಿಗೆ ಹುರುಪು ತುಂಬಿ ಓಡಿಸುತ್ತಿದ್ದರು.

ಸೇರಿದ ಹೊಸದರಲ್ಲಿ ಆರು ತಿಂಗಳು ಮೇಸ್ತ್ರಿ ನನ್ನ ಕೈಗೆ ಸ್ಪ್ಯಾನರನ್ನೇ ಕೊಡಲಿಲ್ಲ. ಸೀಮೆಎಣ್ಣೆ, ಕುಂಚ, ಹಳೆಯ ಬಟ್ಟೆ ಕೊಟ್ಟು ಕಾರಿನ ಅಡಿಯನ್ನು ತೊಳೆಯಲು ಹಚ್ಚಿದರು. ನನಗೆ ಬೇಸರವಾಗಿ ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕು, “ಮಗಾ, ಕೆಸರಿನ ಕೆಳಗೆ ಏನಿದೆ ಎಂಬುದು ದೇವರಿಗೂ ಕಾಣುವುದಿಲ್ಲ. ತೊಳೆಯುವವನೇ ಮೊದಲು ನೋಡುವವನು” ಎಂದರು. ಸೋರುವ ಎಣ್ಣೆ, ಸಡಿಲಗೊಂಡ ಬೋಲ್ಟು, ಸವೆದ ರಬ್ಬರು, ಕೂದಲೆಳೆಯಂಥ ಬಿರುಕು, ಇವೆಲ್ಲ ತೊಳೆದ ಮೇಲೆಯೇ ಕಣ್ಣಿಗೆ ಬೀಳುವವು.

ಅನಂತರ ನಟ್ಟು ಬಿಗಿಯುವುದನ್ನು ಕಲಿಸಿದರು. ಚಕ್ರದ ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಬೇಕು. ಆಮೇಲೆ ಒಂದರ ಪಕ್ಕದ್ದನ್ನು ಬಿಗಿಯದೆ, ಎದುರು ಬದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಹಾಗೆ ಮಾಡಿದರೆ ಚಕ್ರ ಸರಿಯಾಗಿ ಕೂರುತ್ತದೆ. ಬಿಗಿದ ಮೇಲೆ ನಟ್ಟಿಗೂ ಬೋಲ್ಟಿಗೂ ಸೇರುವಂತೆ ಬಣ್ಣದ ಒಂದು ಗೆರೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಒಬ್ಬ ಬಿಗಿದದ್ದನ್ನು ಇನ್ನೊಬ್ಬ ಮುಟ್ಟಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಕಾರು ಓಡಿಸುವವನು ಬಂದು ಚಕ್ರದ ಕಡೆ ತಿರುಗಿಯೂ ನೋಡದೆ ಕುಳಿತುಬಿಡುತ್ತಿದ್ದ. ನಮ್ಮನ್ನು ನಂಬಿ ಕುಳಿತವನಿಗೆ ನಾವು ಕೊಡಬಹುದಾದದ್ದು ಆ ಪುಸ್ತಕದ ಒಂದು ಸಾಲು ಮಾತ್ರ.

ಒಂದು ಸಲ ಪಂದ್ಯದ ಹಿಂದಿನ ರಾತ್ರಿ, ಸ್ಟಿಯರಿಂಗಿನ ಒಂದು ಕೈಯನ್ನು ಮೇಸ್ತ್ರಿ ಬಿಚ್ಚಿಸಿದರು. ತೊಳೆದು ಒಣಗಿಸಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಬಟ್ಟೆಯಿಂದ ಪೂರಾ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಬಿಳಿ ಪುಡಿಯ ಮೇಲೆ ಮೆಲ್ಲನೆ ಒಂದು ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಸೇರಿದ್ದ ಎಣ್ಣೆ ಹೊರಕ್ಕೆ ಜಿನುಗಿತ್ತು. ಬದಲಿ ಭಾಗ ನಮ್ಮಲ್ಲಿರಲಿಲ್ಲ. “ಈ ಕಾರು ನಾಳೆ ಓಡುವುದಿಲ್ಲ” ಎಂದರು ಮೇಸ್ತ್ರಿ. ಕಾರಿನ ಯಜಮಾನರು ಸಿಟ್ಟಾದರು. ಖರ್ಚಿನ ಲೆಕ್ಕ ಹೇಳಿದರು. ಬೆಸುಗೆ ಹಾಕಿಸಿ ಓಡಿಸೋಣ ಎಂದರು. ಮೇಸ್ತ್ರಿ ವಾದಿಸಲಿಲ್ಲ. ಆ ಭಾಗವನ್ನು ದೀಪದ ಬಳಿ ಹಿಡಿದು, “ಸ್ವಾಮೀ, ಈ ಗೆರೆಯನ್ನು ಓಡಿಸುವ ಹುಡುಗನ ತಾಯಿಗೆ ತೋರಿಸಿ, ಅವರು ಹ್ಞೂಂ ಎಂದರೆ ನಾನು ಕೂಡಿಸುತ್ತೇನೆ” ಎಂದರು. ಯಜಮಾನರು ಬಹಳ ಹೊತ್ತು ನೋಡಿ ಸುಮ್ಮನಾದರು. ಮರುದಿನ ಕಾರು ಷೆಡ್ಡಿನಲ್ಲೇ ಉಳಿಯಿತು. ಹುಡುಗ ನಮ್ಮೊಂದಿಗೆ ನಿಂತು ಪಂದ್ಯ ನೋಡಿದ.

ಇದನ್ನು ಅತಿಯಾದ ಹೆದರಿಕೆ ಎನ್ನಬೇಡಿ. 1960ರ ಜೂನ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ ಅಭ್ಯಾಸದ ಓಟ ನಡೆದಿತ್ತು. ಇಂಗ್ಲೆಂಡಿನ ಹೆಸರಾಂತ ಓಟಗಾರ ಸ್ಟರ್ಲಿಂಗ್ ಮಾಸ್ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿದ್ದಾಗ ಅವರ ಲೋಟಸ್ ಕಾರಿನ ಹಿಂದಿನ ಚಕ್ರ ಕಳಚಿಹೋಯಿತು. ಚಕ್ರ ಹಿಡಿದಿದ್ದ ಭಾಗವೇ ಮುರಿದಿತ್ತು. ಅವರ ಎರಡು ಕಾಲುಗಳೂ ಮುರಿದವು, ಬೆನ್ನಿಗೂ ಪೆಟ್ಟಾಯಿತು. ಅವರಂಥ ಕೈಚಳಕದವರು ಆ ಕಾಲದಲ್ಲಿ ವಿರಳ. ಮುರಿದ ಲೋಹದ ಮುಂದೆ ಆ ಕೈಚಳಕ ಏನೂ ಮಾಡಲಾಗಲಿಲ್ಲ.

ಇನ್ನು ನಿಮ್ಮ ಯಂತ್ರದ ಮಾತು. ದಯವಿಟ್ಟು ಇವನ್ನು ನೆನಪಿಡಿ.

ಮೊದಲನೆಯದು, ಉಳುಮೆ ಮುಗಿದ ದಿನವೇ ಯಂತ್ರವನ್ನು ತೊಳೆಯಿರಿ. ತೊಳೆಯುತ್ತ ನೋಡಿರಿ. ಟ್ರೈಲರಿನ ಕೊಂಡಿ, ನೇಗಿಲಿನ ಚೌಕಟ್ಟು, ಇವುಗಳಲ್ಲಿ ಸಂಶಯ ಬಂದರೆ ಸೀಮೆಸುಣ್ಣದ ಪರೀಕ್ಷೆ ಮಾಡಿರಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ಲೂ ಆದೀತು.

ಎರಡನೆಯದು, ಚಕ್ರ ಬಿಚ್ಚಿ ಹಾಕಿದ್ದರೆ ಕೆಲವು ಗಂಟೆ ಕೆಲಸ ಮಾಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಬಣ್ಣದ ಗೆರೆಗೆ ಖರ್ಚೇನೂ ಇಲ್ಲ.

ಮೂರನೆಯದು, ಹೊಗೆ ಮತ್ತು ಎಣ್ಣೆಯ ಮಾತು ಕೇಳಿರಿ. ಡೀಸೆಲ್ ಎಂಜಿನ್ನು ಕರಿಹೊಗೆ ಬಿಟ್ಟರೆ ಮೊದಲು ಗಾಳಿ ಸೋಸುವ ಭಾಗವನ್ನು ನೋಡಿ, ಧೂಳು ಕಟ್ಟಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ, ಕೂಡಲೇ ನಿಲ್ಲಿಸಿ.

ನಾಲ್ಕನೆಯದು, ಟ್ರಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ದಂಡಕ್ಕೆ ಹೊದಿಕೆ ಇರಲೇಬೇಕು. ಅದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚೋ ಸೆರಗೋ ಸಿಕ್ಕಿದರೆ ಅಯ್ಯೋ ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ದಂಡ ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಬಾರದು.

ಐದನೆಯದು, ಮರದ ದಿಮ್ಮಿಯನ್ನಾಗಲಿ, ಹೂತ ಗಾಡಿಯನ್ನಾಗಲಿ ಎಳೆಯುವಾಗ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಬೇಡಿ. ಮೇಲೆ ಕಟ್ಟಿದರೆ ಮುಂಭಾಗ ಎದ್ದು ಟ್ರಾಕ್ಟರು ಹಿಂದಕ್ಕೆ ಮಗುಚಿ ಬೀಳುತ್ತದೆ. ಕೆಳಗಿನ ಎಳೆಯುವ ಕಂಬಿಗೇ ಕಟ್ಟಿರಿ.

ಕೊನೆಯದು, ಒಂದು ನೋಟುಪುಸ್ತಕ ಇಡಿರಿ. ಎಣ್ಣೆ ಬದಲಿಸಿದ ದಿನ, ನಟ್ಟು ಬಿಗಿದ ದಿನ, ಬಿಗಿದವರ ಹೆಸರು ಬರೆಯಿರಿ. ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಈ ಕೆಲಸ ವಹಿಸಿರಿ. “ಅಪ್ಪಾ, ಇವತ್ತು ನಟ್ಟು ನೋಡಿದೆಯಾ?” ಎಂದು ಮಗು ಕೇಳಿದರೆ ನೋಡದಿರುವ ತಂದೆ ಯಾರಿದ್ದಾರೆ? ಬಾಡಿಗೆಗೆ ಬಂದ ಯಂತ್ರವಾದರೂ ಒಂದು ಸುತ್ತು ಬಂದು ನೋಡದೆ ಹೊಲಕ್ಕೆ ಇಳಿಸಬೇಡಿ.

ಆಯುಧಪೂಜೆಯ ದಿನ ಯಂತ್ರಕ್ಕೆ ಹೂವು, ಕುಂಕುಮ ಏರಿಸುತ್ತೀರಿ, ಸಂತೋಷ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹತ್ತು ನಿಮಿಷ ಅದನ್ನು ಮುಟ್ಟಿ ನೋಡುವುದೂ ಪೂಜೆಯೇ. ಬಿತ್ತನೆಯ ಹದ ತಪ್ಪದಿರಲಿ, ಹೊಲಕ್ಕೆ ಹೋದವರು ಸಂಜೆ ಮನೆಗೆ ಸುಖವಾಗಿ ಬರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.