ನದಿಗೆ ಬಿಟ್ಟ ಮರಿಗಳ ಲೆಕ್ಕ

ಅಹಮದಾಬಾದ್ ಮತ್ತು ಸೂರತ್‌ಗಳಿಂದ ಬೆಳಗಿನ ರೈಲು ಹಿಡಿದು ವಡೋದರಾಕ್ಕೆ ಬಂದಿರುವ ಕನ್ನಡದ ಸಂಶೋಧಕರೆ, ವಿದ್ಯಾರ್ಥಿ ಮಿತ್ರರೆ,

ಮೀನುಮರಿಗಳನ್ನು ನದಿಗೆ ಬಿಡುವುದೆಂದರೆ ನಮ್ಮಲ್ಲಿ ಪುಣ್ಯದ ಕೆಲಸ. ಗಣ್ಯರು ಬರುತ್ತಾರೆ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚುತ್ತಾರೆ, ಇಷ್ಟು ಲಕ್ಷ ಮರಿ ಬಿಟ್ಟೆವು ಎಂದು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಮರಿಗಳು ಏನಾದವು, ಅವು ಬಂದ ಮೇಲೆ ಅಲ್ಲಿ ಮೊದಲೇ ಇದ್ದ ಮೀನು ಏನಾಯಿತು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಈ ವಿಚಾರ ಸಂಕಿರಣ ಆ ಬಿಟ್ಟುಹೋದ ಸುದ್ದಿಯ ಬೆನ್ನು ಹತ್ತಲಿ ಎಂಬುದು ನನ್ನ ಆಶಯ.

ನಮ್ಮ ಕಾವೇರಿಯ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡ್, ಎಂದರೆ 54 ಕಿಲೋ ತೂಗುವ ಮಹಶೀರ್ ಹಿಡಿದರು. ಕಾವೇರಿಯನ್ನು ಜಗತ್ತಿನ ಗಾಳಗಾರರಿಗೆ ಪರಿಚಯಿಸಿದ್ದು ಇಂಥ ದೈತ್ಯ ಮೀನುಗಳು. ಗೂನುಬೆನ್ನು, ಕಿತ್ತಳೆ ಬಣ್ಣದ ರೆಕ್ಕೆಗಳ ಈ ಮಹಶೀರ್‌ಗೆ ಕಾವೇರಿ ಕೊಳ್ಳ ಬಿಟ್ಟರೆ ಬೇರೆ ನೆಲೆಯಿಲ್ಲ. ಅಣೆಕಟ್ಟು, ಸಿಡಿಮದ್ದು, ಕಳ್ಳಬೇಟೆಗಳಿಂದ ಅದು ಕುಗ್ಗುತ್ತಿದೆ ಎಂದು ಗೊತ್ತಾದಾಗ ಸುಲಭದ ದಾರಿಯೊಂದು ಕಂಡಿತು. ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಹ್ಯಾಚರಿಯಲ್ಲಿ ಮಹಶೀರ್ ಮರಿಗಳು ಸಿಗುತ್ತಿದ್ದವು. ಆದರೆ ಅಲ್ಲಿ ಬೆಳೆಸುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಖುದ್ರೀ ಎಂದು ಹೆಸರಿಟ್ಟನಲ್ಲ, ಇಂದಿನ ಟಾರ್ ಖುದ್ರೀ, ಅದು. ಮಹಶೀರ್ ತಾನೆ ಎಂದು ಕಾವೇರಿಗೂ ಬಿಟ್ಟರು. ಬಿಟ್ಟವರಿಗೆ ಲಾಭದ ಆಸೆ ಇರಲಿಲ್ಲ, ನದಿಯ ಮೇಲೆ ನಿಜವಾದ ಪ್ರೀತಿ ಇತ್ತು. ಅದಕ್ಕೇ ಈ ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ.

ಕಾವೇರಿ ದಡದ ಗಾಲಿಬೋರೆಯ ಗಾಳಗಾರಿಕೆ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮರಳಿ ನೀರಿಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಪಿಂಡರ್, ರಾಜೀವ್ ರಾಘವನ್ ಮತ್ತು ಬ್ರಿಟನ್ ಎಂಬ ಸಂಶೋಧಕರು ಕೂಡಿಸಿ ನೋಡಿದರು: 23,620 ಗಂಟೆಗಳ ಗಾಳ, 6,161 ಮಹಶೀರ್. ಒಟ್ಟು ಸಂಖ್ಯೆ ನೋಡಿದರೆ ಮೀನು ಹೆಚ್ಚುತ್ತಿತ್ತು. ಅಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಸಂರಕ್ಷಣೆ ಗೆದ್ದಿತೆಂದು ಸನ್ಮಾನವೇ ನಡೆಯುತ್ತಿತ್ತು. ಬಣ್ಣವಾರು ಬೇರ್ಪಡಿಸಿದಾಗ ನಿಜ ಹೊರಬಿತ್ತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು, ಸಿಕ್ಕ ಒಂದೊಂದರ ತೂಕ ಮಾತ್ರ ಏರುತ್ತಿತ್ತು. ತೂಕ ಏರಿದ್ದು ಒಳ್ಳೆಯ ಲಕ್ಷಣವಲ್ಲ. ಗಾಳಕ್ಕೆ ಸಿಗುತ್ತಿದ್ದವು ಮುದಿ ಮೀನುಗಳು, ಎಳೆಯವು ಹುಟ್ಟಿ ಬರುತ್ತಿರಲಿಲ್ಲ. ಈ ಗೂನುಬೆನ್ನಿನ ಮೀನು ಟಾರ್ ರೆಮಾದೇವಿಯೈ ಎಂದು ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದ ಪ್ರಭೇದಗಳ ಪಟ್ಟಿಗೂ ಸೇರಿತು. ಇತ್ತ ಖುದ್ರೀ ಅಪಾಯದ ಪಟ್ಟಿಯಿಂದ ಹೊರಬಂತು. ಎಲ್ಲ ತಪ್ಪನ್ನೂ ಬಿಟ್ಟ ಮರಿಗಳ ತಲೆಗೇ ಕಟ್ಟುವುದು ನ್ಯಾಯವಲ್ಲ, ನದಿಗೆ ಬೇರೆ ರೋಗಗಳೂ ಇದ್ದವು. ಆದರೆ ಮದ್ದೆಂದು ಕೊಟ್ಟದ್ದು ಮದ್ದಾಗಲಿಲ್ಲ ಎನ್ನಲು ಹಿಂಜರಿಯಬೇಕಿಲ್ಲ.

ಹಾಗಾದರೆ ಆಯಾ ನದಿಯ ಜಾತಿಯನ್ನೇ ಬೆಳೆಸಿ ಬಿಟ್ಟರೆ ಸರಿಯೇ? ಅದೂ ಅಷ್ಟು ಸಲೀಸಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ದೇಶದ ಮೀನು ಸಾಕಣೆಯ ಚಹರೆಯೇ ಬದಲಾಯಿತು. ಆ ಋಣ ದೊಡ್ಡದು. ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುವುದರಿಂದ ಕೆಲವೇ ತಾಯಿಮೀನು ಇದ್ದರೂ ಹ್ಯಾಚರಿಯ ವರ್ಷದ ಗುರಿ ಮುಟ್ಟುತ್ತದೆ. ತೊಡಕಿರುವುದೂ ಅಲ್ಲೇ. ಏಕನಾಥ್ ಮತ್ತು ಡಾಯ್ಲ್ ಅವರು ಕರ್ನಾಟಕದ ಹ್ಯಾಚರಿಗಳನ್ನೇ ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಂಶ ಮುಂದುವರಿಸುವಲ್ಲಿ ನಿಜಕ್ಕೂ ಪಾಲು ಪಡೆದ ಮೀನುಗಳ ಸಂಖ್ಯೆ 3ರಿಂದ 30ರಷ್ಟು. ಒಳಸಂಬಂಧದ ಪ್ರಮಾಣ ಶೇ 2ರಿಂದ 17. ಹೊಂಡದಲ್ಲಿ ಬೆಳೆದು ತಟ್ಟೆ ಸೇರುವ ಮೀನಿಗೆ ಇದು ಇಳುವರಿಯ ಪ್ರಶ್ನೆ, ಅಷ್ಟೆ. ನದಿಗಿಳಿದು ಅಲ್ಲಿಯ ಮೀನಿನೊಡನೆ ಕೂಡಿದರೆ ಆ ದೌರ್ಬಲ್ಯ ನದಿಯ ಸೊತ್ತಾಗುತ್ತದೆ.

ಇನ್ನೊಂದು ಸಂಗತಿ. ತೊಟ್ಟಿಯಲ್ಲಿ ಆಹಾರ ಮೇಲಿನಿಂದ ಬೀಳುತ್ತದೆ, ನೀರುನಾಯಿಯ ಕಾಟವಿಲ್ಲ, ಪ್ರವಾಹವಿಲ್ಲ. ಅಲ್ಲಿ ಬದುಕುಳಿಯಲು ಬೇಕಾದ ಗುಣ ನದಿಯಲ್ಲಿ ಕೆಲಸಕ್ಕೆ ಬಾರದು. ಅಮೆರಿಕದ ಒರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿ ಹಿಡಿದು ಅರಾಕಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದು ಇದನ್ನೇ: ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೆ ನದಿಯಲ್ಲಿ ಸಂತಾನ ಬೆಳೆಸುವ ಶಕ್ತಿ ಸುಮಾರು ಶೇ 40ರಷ್ಟು ಇಳಿಯುತ್ತದೆ. ನಮ್ಮ ಮೀನುಗಳಲ್ಲಿ ಇಂಥ ವಂಶಾವಳಿ ಹಿಡಿಯುವ ಕೆಲಸ ಇಲ್ಲಿ ಕುಳಿತಿರುವ ಯುವಕ ಯುವತಿಯರದು.

ಈಗ ನೀವು ದಿನವೂ ನೋಡುವ ನೀರಿಗೆ ಬರೋಣ. 1972ರಲ್ಲಿ ಮುಗಿದ ಉಕಾಯಿ ಜಲಾಶಯಕ್ಕೆ ಬಿತ್ತಿದ ಕಾಟ್ಲಾ ಮೂಲತಃ ಗಂಗಾ ಬಯಲಿನ ಮೀನು, ತಾಪಿಯದಲ್ಲ. ಅದು ಅಲ್ಲಿ ಚೆನ್ನಾಗಿ ಬೆಳೆದು ದಡದ ಜನರ ಹೊಟ್ಟೆ ತುಂಬಿಸಿದೆ. ಮನುಷ್ಯ ಕಟ್ಟಿದ ಜಲಾಶಯದಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಜಲಾಶಯದ ನಿಯಮವನ್ನೇ ಹರಿಯುವ ಹೊಳೆಗೂ ಹಚ್ಚುವುದಕ್ಕೆ. ಜಲಾಶಯದಲ್ಲೂ ಮೈಮರೆಯುವಂತಿಲ್ಲ. 1971ರಲ್ಲಿ ಹಿಮಾಚಲದ ದೇವಲಿ ಫಾರ್ಮಿನಿಂದ ನೆರೆಯಲ್ಲಿ ತಪ್ಪಿಸಿಕೊಂಡ ಬೆಳ್ಳಿಗೆಂಡೆ ಗೋವಿಂದಸಾಗರವನ್ನು ಆಕ್ರಮಿಸಿ ಕಾಟ್ಲಾ, ಮಹಶೀರ್ ಎರಡನ್ನೂ ಹಿಂದೆ ತಳ್ಳಿತು.

ನರ್ಮದೆಯದು ಇನ್ನೂ ಸೂಕ್ಷ್ಮ. ಮಧ್ಯಪ್ರದೇಶ ಮಹಶೀರನ್ನು ರಾಜ್ಯದ ಮೀನೆಂದು ಘೋಷಿಸಿ ಅದರ ಕೃತಕ ಸಂತಾನೋತ್ಪತ್ತಿಗೆ ಕೈಹಾಕಿದೆ. ಆ ನದಿಯೀಗ ಭರೂಚ್‌ನಲ್ಲಿ ಕಡಲು ಸೇರುವಷ್ಟಕ್ಕೇ ನಿಲ್ಲುವುದಿಲ್ಲ. ಕಾಲುವೆ ಹಿಡಿದು ಅಹಮದಾಬಾದಿಗೆ ಬಂದು ಸಾಬರಮತಿಯ ರಿವರ್‌ಫ್ರಂಟ್ ತುಂಬಿಸುತ್ತದೆ, ಮುಂದೆ ರಾಜಸ್ಥಾನಕ್ಕೂ ಹೋಗುತ್ತದೆ. ಒಂದು ಕೊಳ್ಳದಲ್ಲಿ ಬಿಟ್ಟ ಮರಿ ಇನ್ನೊಂದು ಕೊಳ್ಳದ ವಿಷಯವೂ ಹೌದು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? 2020ರಿಂದ ಮತ್ಸ್ಯ ಸಂಪದ ಯೋಜನೆಯಲ್ಲಿ ನದಿಗಳಿಗೆ ಮರಿ ಬಿಡಲೂ ಹಣವಿದೆ. ಹಣ ಇರುವಾಗ ಕೇಳುವ ಪ್ರಶ್ನೆಗೆ ಬೆಲೆ ಹೆಚ್ಚು.

ನನ್ನ ಕೋರಿಕೆ ದೊಡ್ಡದಲ್ಲ. ಮರಿ ಬಿಡುವ ಮೊದಲು ಆ ಹೊಳೆಯಲ್ಲಿ ಯಾವ ಮೀನು ಎಷ್ಟಿದೆ ಎಂದು ಬರೆದಿಡಿ. ತಾಯಿ-ತಂದೆ ಮೀನುಗಳ ರೆಕ್ಕೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ಆಲ್ಕೋಹಾಲಿನಲ್ಲಿ ಕಾಪಿಡಿ. ಮುಂದೆ ನದಿಯಲ್ಲಿ ಸಿಕ್ಕ ಮೀನು ಯಾರ ಸಂತಾನ ಎಂದು ಹೇಳಲು ಅದೇ ಸಾಕ್ಷಿ. ಇದೇ ವಡೋದರಾದಲ್ಲಿ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯವಿದೆ. ನರ್ಮದೆ, ತಾಪಿ, ಸಾಬರಮತಿಗಳಿಗೆ ಈವರೆಗೆ ಬಿಟ್ಟ ಮರಿಗಳ ದಾಖಲೆ ಯಾವ ಯಾವ ಕಚೇರಿಯಲ್ಲಿದೆ, ಅದನ್ನು ಯಾರು ಹುಡುಕಿ ತರುತ್ತಾರೆ ಎಂಬುದನ್ನು ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ಹೆಸರು ಹಿಡಿದು ಹಂಚಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.