ಅಕ್ಷರದ ಹಿಂದಿನ ಬಣ್ಣ

(ಹೊಗೆನಕಲ್ಲಿನಲ್ಲಿ ಶಾಲೆಯ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಅಚ್ಚಿನ ಪುಟದಲ್ಲಿ ಅಕ್ಷರಗಳ ಹಿಂದೆ ಹಾಕುವ ಬಣ್ಣವನ್ನು ಕುರಿತು ಇಂದು ನಾವು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಗಡಿನಾಡಿನ ಮನೆಗಳಿಗೆ ಕನ್ನಡದ ಪುಸ್ತಕಗಳು ಬರುವುದೇ ವಿರಳ. ಶಾಲೆಯಿಂದ ಮಗು ತರುವ ಪಾಠದ ಹಾಳೆ, ವರ್ಷಕ್ಕೊಮ್ಮೆ ಬರುವ ಸಂಚಿಕೆ, ಇವೇ ಅಲ್ಲಿ ಕನ್ನಡದ ಓದಿಗೆ ಆಧಾರ. ಅಜ್ಜಿಯೂ ಮೊಮ್ಮಗಳೂ ಕೂಡಿ ಓದಬೇಕಾದ ಆ ಹಾಳೆಯಲ್ಲಿ ಒಂದು ಅಕ್ಷರವೂ ಮರೆಯಾಗಬಾರದು.

ಕಾವೇರಿಯು ಧುಮುಕುವಲ್ಲಿ ಏಳುವ ತುಂತುರು ಹೊಗೆಯಂತೆ ಕಾಣುವುದರಿಂದ ಈ ಊರಿಗೆ ಹೊಗೆನಕಲ್ ಎಂಬ ಕನ್ನಡದ ಹೆಸರು ಬಂದಿದೆ. ಹೊಗೆ ತೆಳುವಾಗಿದ್ದರೆ ಕಲ್ಲಿಗೆ ಶೋಭೆ; ದಟ್ಟವಾದರೆ ಕಲ್ಲೇ ಕಾಣದು. ಹಿನ್ನೆಲೆಯ ಬಣ್ಣಕ್ಕೂ ಅಕ್ಷರಕ್ಕೂ ಇರುವ ಸಂಬಂಧವು ಇಂತಹುದೇ.

ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಗಳಿಗೆ ಮಸಿಯನ್ನು ತೀಡಿ, ಗರಿಯ ತಿಳಿಬಣ್ಣದ ಮೇಲೆ ಅವು ಕಪ್ಪಾಗಿ ಮೂಡುವಂತೆ ಮಾಡುತ್ತಿದ್ದರು. ಲೆಕ್ಕಪತ್ರಗಳಿಗಾದರೋ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಇಂದಿಗೂ ಕಚೇರಿಯ ಫೈಲನ್ನು ನಾವು ಕಡತವೆಂದೇ ಕರೆಯುತ್ತೇವೆ.

ಮೊಳೆ ಜೋಡಿಸುತ್ತಿದ್ದ ಮುದ್ರಣಾಲಯಗಳಲ್ಲಿ ಹಿನ್ನೆಲೆಗೆ ಬಣ್ಣ ಬೇಕಾದರೆ ಒಂದೇ ಹಾಳೆಯನ್ನು ಎರಡು ಬಾರಿ ಯಂತ್ರಕ್ಕೆ ಕೊಡಬೇಕಾಗಿತ್ತು. ಮೊದಲು ತಿಳಿಬಣ್ಣ, ಅದು ಒಣಗಿದ ಮೇಲೆ ಕಪ್ಪು ಅಕ್ಷರ. ಮೊದಲು ಬಣ್ಣ, ಅನಂತರ ಅಕ್ಷರ ಎಂಬ ಈ ನಿಯಮವನ್ನು ಇಂದಿನ ಕಂಪ್ಯೂಟರಿನಲ್ಲಿಯೂ ಮರೆಯುವಂತಿಲ್ಲ.

ಅಮೆರಿಕದ ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಹೊರತಂದರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಅದರ ಮೇಲೆ ಲೇಟೆಕ್ ಎಂಬುದನ್ನು ಕಟ್ಟಿದರು. 2004ರಲ್ಲಿ ಜೊನಾಥನ್ ಕ್ಯೂ ಅವರು ನೀಡಿದ ಜೀಟೆಕ್, ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸಲು ದಾರಿ ಮಾಡಿತು. ಇವೆಲ್ಲವೂ ಹಣವಿಲ್ಲದೆ ದೊರೆಯುವುವು. ಬಡ ಶಾಲೆಗೂ ಎಟುಕುವಂತಹವು.

ಈ ವ್ಯವಸ್ಥೆಯು ಪ್ರತಿ ಮಾತನ್ನೂ ಒಂದು ಪೆಟ್ಟಿಗೆಯೆಂದು ಎಣಿಸುತ್ತದೆ. ಪೆಟ್ಟಿಗೆಗೆ ಅಗಲ, ಗೆರೆಯ ಮೇಲಣ ಎತ್ತರ, ಗೆರೆಯ ಕೆಳಗಣ ಆಳ ಎಂಬ ಮೂರು ಅಳತೆಗಳುಂಟು. ‘ಕಲರ್‌ಬಾಕ್ಸ್’ ಎಂಬ ಆಜ್ಞೆಯನ್ನಿತ್ತರೆ ಆ ಪೆಟ್ಟಿಗೆಗೂ ಅದರ ಸುತ್ತಲಿನ 3 ಪಾಯಿಂಟ್ ಅಂಚಿಗೂ ಬಣ್ಣ ತುಂಬುತ್ತದೆ. ಇಲ್ಲಿಯೇ ಕನ್ನಡದ ವಿಶೇಷವು ಎದುರಾಗುವುದು. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗಿಳಿಯುತ್ತವೆ. ‘ಮರ’ದ ಬಣ್ಣ ಮೇಲೆಯೇ ನಿಂತರೆ ‘ಕಲ್ಲು’ವಿನ ಬಣ್ಣ ಕೆಳಗಿಳಿದು, ಅಂಚು ಮುರುಕು ಗೋಡೆಯಂತಾಗುತ್ತದೆ. ಇದಕ್ಕೆ ‘ಸ್ಟ್ರಟ್’ ಎಂಬ, ಕಣ್ಣಿಗೆ ಕಾಣದ ಊರುಗೋಲನ್ನು ಪ್ರತಿ ಪೆಟ್ಟಿಗೆಯಲ್ಲಿಯೂ ನಿಲ್ಲಿಸಿದರೆ ಎಲ್ಲವೂ ಸಮನಾಗುವುವು. ‘ರಾಷ್ಟ್ರ’ದಂತೆ ಎರಡು ಒತ್ತುಗಳಿರುವಲ್ಲಿ ಆ ಊರುಗೋಲು ಇನ್ನಷ್ಟು ಆಳವಾಗಿರಬೇಕಾದೀತು.

ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಸಾಲುಸಾಲಿಗೂ ಬೇರೆ ಬೇರೆ ಬಣ್ಣದ ಪೆಟ್ಟಿಗೆಗಳನ್ನಿಟ್ಟು, ಸಾಲುಗಳ ನಡುವೆ ಎಡೆ ಸಾಲದೆ ಹೋದರೆ, ಕೆಳಸಾಲಿನ ಬಣ್ಣವು ಮೇಲುಸಾಲಿನ ಒತ್ತುಗಳನ್ನು ಮುಚ್ಚಿಬಿಡುತ್ತದೆ. ಆಗ ‘ಕತ್ತೆ’ಯು ‘ಕತೆ’ಯಾಗುವುದು, ‘ಬಳ್ಳಿ’ಯು ‘ಬಳಿ’ಯಾಗುವುದು! ನಗು ಬರುವ ಮಾತೇ ಸರಿ. ಆದರೆ ಈಗತಾನೆ ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ ಇದು ನಗೆಯ ವಿಷಯವಲ್ಲ. ಅಚ್ಚಾದುದೇ ಸರಿಯೆಂದು ಅದು ನಂಬುತ್ತದೆ. ಆದುದರಿಂದ ಇಡೀ ಭಾಗವನ್ನು ಒಂದೇ ಪೆಟ್ಟಿಗೆಯಲ್ಲಿರಿಸಿ, ಬಣ್ಣವನ್ನು ಒಮ್ಮೆಗೇ ಹಾಸಿ, ಅದರ ಮೇಲೆ ಅಕ್ಷರಗಳನ್ನು ಜೋಡಿಸುವುದು ಕ್ಷೇಮ. ‘ಟಿಕಲರ್‌ಬಾಕ್ಸ್’ ಎಂಬ ಉಪಕರಣವು ಇದನ್ನು ಮಾಡಿಕೊಡುತ್ತದೆ. ಬೇಕೆಂದರೆ ಪೆಟ್ಟಿಗೆಯು ಮುಂದಿನ ಪುಟಕ್ಕೂ ಹರಿಯುವಂತೆ ಮಾಡಬಹುದು.

ಇನ್ನು ಬಣ್ಣದ ಆಯ್ಕೆ. ನೂರು ಪಾಲಿನಲ್ಲಿ ಹತ್ತು ಹದಿನೈದು ಪಾಲು ಹಳದಿ, ಉಳಿದುದೆಲ್ಲ ಬಿಳುಪಾದರೆ ಕಪ್ಪು ಅಕ್ಷರವು ಸ್ಪಷ್ಟವಾಗಿ ಕಾಣುತ್ತದೆ. ಜಾಲಪುಟಗಳಿಗಾಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರವಿರಬೇಕೆನ್ನುತ್ತದೆ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಉಂಟು. ಹಸಿರಿನ ಮೇಲೆ ಕೆಂಪು ಬರೆಯುವುದು ಅವರಿಗೆ ಅನ್ಯಾಯ. ಅಚ್ಚಿಗೆ ಕೊಡುವ ಮೊದಲು ಹಾಳೆಯ ಕಪ್ಪುಬಿಳುಪು ಪ್ರತಿಯೊಂದನ್ನು ತೆಗೆದು, ಮನೆಯ ಹಿರಿಯರಿಂದ ಓದಿಸಿ ನೋಡಿರಿ. ಅವರು ತಡೆಯಿಲ್ಲದೆ ಓದಿದರೆ ನಿಮ್ಮ ಕೆಲಸ ಸಾರ್ಥಕ.

ವಿದ್ಯಾರ್ಥಿಗಳೇ, ಬಣ್ಣ ಬಳಿಯುವುದು ಸುಲಭ; ಅದನ್ನು ಅಳತೆಯಲ್ಲಿಡುವುದೇ ವಿದ್ಯೆ. ನಮ್ಮ ಲಿಪಿಯ ಏರಿಳಿತಗಳನ್ನು ಯಂತ್ರವು ತಾನಾಗಿ ಗೌರವಿಸದು. ಅದನ್ನು ಬಲ್ಲವರು ಕಲಿಸಬೇಕು. ಆ ಬಲ್ಲವರು ನೀವಾಗಿರೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.